ಕರ್ತೃವೂ ಭೋಕ್ತೃವೂ

ಆಕಾಶಕ್ಕೂ ದೇವರಿಗೂ ಮನುಷ್ಯನ ಮನಸ್ಸು ಕಲ್ಪಿಸಿಕೊಂಡ ನಂಟು ಬಹಳ ಹಳೆಯದಾದುದರಿಂದ, ವ್ಯೋಮಕ್ಕೆ ಹೋಗಿಬಂದವರನ್ನು ಜನ ಮೊತ್ತಮೊದಲಿಗೆ ಕೇಳಿದುದು ಅಲ್ಲಿ ದೇವರ ಸುಳಿವೇನಾದರೂ ಸಿಕ್ಕಿತೇ ಎಂಬುದನ್ನೇ. 1962ರಲ್ಲಿ ಸಿಯಾಟಲ್ ನಗರಕ್ಕೆ ಬಂದ ರಷ್ಯದ ಗೆರ್ಮನ್ ತಿತೋವ್, ತನಗೆ ಮೇಲೆ ದೇವರೂ ಕಾಣಲಿಲ್ಲ, ದೇವದೂತರೂ ಕಾಣಲಿಲ್ಲ ಎಂದು ಹೇಳಿ ಕೆಲವರನ್ನು ನಗಿಸಿ ಹಲವರನ್ನು ನೋಯಿಸಿದನು. 1968ರ ಕ್ರಿಸ್ಮಸ್ಸಿನ ಮುನ್ನಾದಿನ ಚಂದ್ರನ ಸುತ್ತ ತಿರುಗುತ್ತಿದ್ದ ಅಪೊಲೊ 8ರ ಮೂವರು ಬೈಬಲಿನ ಸೃಷ್ಟಿಪ್ರಕರಣವನ್ನು ಓದಿ ಭೂಮಿಗೆ ಕೇಳಿಸಿದರು. 1971ರಲ್ಲಿ ಚಂದ್ರನಿಂದ ಹಿಂದಿರುಗುತ್ತಿದ್ದ ಎಡ್ಗರ್ ಮಿಚೆಲ್ಲನಿಗೆ ವಿಶ್ವದೊಡನೆ ತಾನು ಒಂದಾದಂತಹ ಅನುಭವವುಂಟಾಗಿ, ಅದಕ್ಕೆ ಹೆಸರನ್ನು ಹುಡುಕುತ್ತ ಹುಡುಕುತ್ತ ಆತನು ಮುಂದೆ ನಮ್ಮ ಯೋಗಶಾಸ್ತ್ರದ ಸವಿಕಲ್ಪ ಸಮಾಧಿಯವರೆಗೂ ಬಂದನು. ಈ ಮೂರನ್ನೂ ನಾನು ಲಘುವೆನ್ನಲಾರೆ. ಆದರೆ ಮೂರೂ ಕಿಟಕಿಯಿಂದಾಚೆಗೆ ಕಂಡುದರ, ಅಥವಾ ಕಾಣದುದರ, ಮಾತು. ಆ ಕಿಟಕಿಯನ್ನು ಮಾಡಿದವರಾರು, ಅದರ ಹಿಂದೆ ಕುಳಿತವರಾರು, ಗಾಜು ಒಡೆದರೆ ಉಸಿರು ಯಾರದು ಹೋಗುತ್ತದೆ ಎಂಬ ವಿಚಾರದಲ್ಲಿ ದೇವರ ಹೆಸರು ಬಾರದಿದ್ದರೂ, ಧರ್ಮದ ಮುಖ್ಯ ಪ್ರಶ್ನೆಯೊಂದು ಅಲ್ಲಿಯೇ ಅಡಗಿದೆಯೆಂದು ನನ್ನ ಎಣಿಕೆ. ಆ ಪ್ರಶ್ನೆಯನ್ನು ತನ್ನ ಬಾಳಿನಿಂದಲೇ ಎತ್ತಿದವನು ಕಾನ್ಸ್ತಾಂತಿನ್ ಫೆಯೊಕ್ತಿಸ್ತೊವ್ ಎಂಬ ಇಂಜಿನಿಯರು; ತಾನು ರೂಪಿಸಿದ ನೌಕೆಯಲ್ಲಿ ತಾನೇ ಕುಳಿತು ವ್ಯೋಮಕ್ಕೆ ಹೋದ ಮೊದಲಿಗನು.

ಆತನು ಹುಟ್ಟಿದುದು 1926ರಲ್ಲಿ, ವೊರೋನೆಜ್ ಎಂಬ ಊರಿನಲ್ಲಿ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಆ ಊರನ್ನು ಮುತ್ತಿದಾಗ ಇನ್ನೂ ಹದಿನಾರರ ಹುಡುಗನಾಗಿದ್ದ ಆತನು ರಷ್ಯದ ಪಡೆಗೆ ಬೇಹುಗಾರನಾಗಿ ಓಡಾಡುತ್ತಿದ್ದು ಶತ್ರುಗಳ ಕೈಗೆ ಸಿಕ್ಕಿಬಿದ್ದನು. ಅವರು ಅವನನ್ನು ಗುಂಡಿಯೊಂದರ ಅಂಚಿಗೆ ನಿಲ್ಲಿಸಿ ಗುಂಡು ಹೊಡೆದರು. ಗುಂಡು ಗಲ್ಲದಲ್ಲಿ ಹೊಕ್ಕು ಕುತ್ತಿಗೆಯ ಮೂಲಕ ಹೊರಬಿತ್ತು. ಸತ್ತವನಂತೆ ಬಿದ್ದಿದ್ದು, ಅವರು ಹೋದ ಬಳಿಕ ತೆವಳಿಕೊಂಡು ತನ್ನವರನ್ನು ಸೇರಿದನು. ಜೀವನಚರಿತ್ರಕಾರರು ಆತನ ಮುಂದಿನ ಧೈರ್ಯಕ್ಕೆಲ್ಲ ಈ ಘಟನೆಯನ್ನೇ ಕಾರಣವಾಗಿ ತೋರಿಸುವುದುಂಟು. ಸಾವಿನ ಬಾಯಿಂದ ಬಂದವರೆಲ್ಲರೂ ಧೀರರಾಗುವುದಿಲ್ಲ, ಹಲವರು ಬಾಳೆಲ್ಲ ನಡುಗುತ್ತಲೂ ಇರುತ್ತಾರೆ. ಆದುದರಿಂದ ಆ ವಿವರಣೆ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಯುದ್ಧ ಮುಗಿದ ಮೇಲೆ ಮಾಸ್ಕೋವಿನ ಬೌಮನ್ ತಾಂತ್ರಿಕ ವಿದ್ಯಾಲಯದಲ್ಲಿ ಓದಿ 1949ರಲ್ಲಿ ಪದವಿ ಪಡೆದು, ಕೆಲವು ವರ್ಷಗಳ ತರುವಾಯ ಸೆರ್ಗೇಯ್ ಕೊರೊಲ್ಯೋವ್‌ನ ವಿನ್ಯಾಸ ಕಚೇರಿಯನ್ನು ಸೇರಿ, 1958ರಿಂದೀಚೆಗೆ ಮನುಷ್ಯನನ್ನು ಹೊತ್ತು ಭೂಮಿಯನ್ನು ಸುತ್ತಬಲ್ಲ ನೌಕೆಯೊಂದರ ವಿನ್ಯಾಸಕ್ಕೆ ಕೈಹಾಕಿದನು. ಯೂರಿ ಗಗಾರಿನ್ 1961ರ ಏಪ್ರಿಲ್ 12ರಂದು 108 ನಿಮಿಷಗಳಲ್ಲಿ ಜಗತ್ತನ್ನು ಬೆರಗುಗೊಳಿಸಿದ ವೋಸ್ತೋಕ್ ನೌಕೆ ಅದೇ.

ವೋಸ್ತೋಕ್‌ನ ವಿನ್ಯಾಸವನ್ನು ನೋಡಿದವರಿಗೆ, ಅದನ್ನು ಮಾಡಿದವನ ಮನಸ್ಸಿನಲ್ಲಿ ಒಳಗೆ ಕುಳಿತವನ ಪ್ರಾಣ ಎಷ್ಟು ದೊಡ್ಡದಾಗಿತ್ತು ಎಂಬುದು ತಿಳಿಯದಿರದು. ಮನುಷ್ಯನಿರುವ ಭಾಗವು ಸುಮಾರು 2.3 ಮೀಟರ್ ವ್ಯಾಸದ ಒಂದು ಗೋಳ. ಗೋಳವನ್ನೇ ಆರಿಸಿದುದಕ್ಕೆ ಕಾರಣ, ಯಾವ ವೇಗದಲ್ಲಿಯೇ ಆಗಲಿ ಗಾಳಿಯು ಅದರ ಮೇಲೆ ಹೇಗೆ ವರ್ತಿಸುತ್ತದೆ ಎಂಬುದನ್ನು ಮೊದಲೇ ಲೆಕ್ಕಹಾಕಬಹುದೆಂಬುದು. ಭಾರದ ಕೇಂದ್ರವನ್ನು ಸ್ವಲ್ಪ ಒಂದು ಕಡೆಗೆ ಸರಿಸಿಟ್ಟರೆ ಸಾಕು, ಯಾರೂ ನಡೆಸದೆಯೇ ಅದು ತಾನಾಗಿ ಸರಿಯಾದ ಮೈಗೆ ತಿರುಗಿಕೊಳ್ಳುತ್ತದೆ. ಹಿಂದಿರುಗಿಸುವ ಎಂಜಿನ್ ಇದ್ದುದು ಒಂದೇ. ಅದು ಕೆಡುವುದಾದರೆ ಏನು ಗತಿ ಎಂಬುದಕ್ಕೂ ಉತ್ತರ ಸಿದ್ಧವಾಗಿತ್ತು: ಕಕ್ಷೆಯನ್ನು ಸಾಕಷ್ಟು ಕೆಳಗೆ ಇರಿಸಿದಲ್ಲಿ ಮೇಲಣ ವಿರಳವಾದ ಗಾಳಿಯೇ ಹತ್ತು ದಿನಗಳೊಳಗೆ ನೌಕೆಯನ್ನು ಕೆಳಕ್ಕೆಳೆಯುವುದೆಂದು ಲೆಕ್ಕಹಾಕಿ, ಅಷ್ಟು ದಿನಗಳಿಗೆ ಬೇಕಾದ ಅನ್ನಪಾನಾದಿಗಳನ್ನು ಒಳಗಿರಿಸಿದ್ದರು. ಗಗಾರಿನ್ನನ ಕಕ್ಷೆಯೇನೋ ಎಣಿಸಿದುದಕ್ಕಿಂತ ಮೇಲಕ್ಕೆ ಹೋಯಿತು, ಎಂಜಿನ್ ಕೆಟ್ಟಿದ್ದರೆ ಆ ಹತ್ತು ದಿನ ಸಾಲುತ್ತಿರಲಿಲ್ಲ, ಪುಣ್ಯಕ್ಕೆ ಕೆಡಲಿಲ್ಲ. ನೆಲಕ್ಕೆ ಏಳು ಕಿಲೋಮೀಟರ್ ಇರುವಾಗ ಯಾತ್ರಿಯನ್ನು ಆಸನಸಹಿತವಾಗಿ ಹೊರಕ್ಕೆ ಚಿಮ್ಮಿಸಿ ಪ್ಯಾರಾಷೂಟಿನಿಂದ ಬೇರೆಯಾಗಿ ಇಳಿಸುವ ಏರ್ಪಾಡಿತ್ತು. ಏರುವಾಗ ರಾಕೆಟ್ಟು ಕೈಕೊಟ್ಟರೂ ಅದೇ ಆಸನವೇ ರಕ್ಷೆ. 1961ರಿಂದ 1963ರ ತನಕ ಈ ನೌಕೆಯಲ್ಲಿ ಹೋದ ಆರು ಮಂದಿಯೂ ಜೀವಸಹಿತ ಹಿಂದಿರುಗಿದರು.

ಈಗ ಕರ್ಮದ ಮಾತು. ನಮ್ಮ ದರ್ಶನಕಾರರು ಒಂದು ವಿಷಯದಲ್ಲಿ ಬಹಳ ಕಟ್ಟುನಿಟ್ಟಿನವರು: ಮಾಡಿದವನು ಉಣ್ಣಬೇಕು, ಉಣ್ಣುವವನು ಮಾಡಿದವನಾಗಿರಬೇಕು. ಮಾಡಿದುದು ಫಲಕೊಡದೆ ನಾಶವಾದರೆ ಅದು ಕೃತನಾಶ. ಮಾಡದುದರ ಫಲ ಬಂದು ತಗಲಿದರೆ ಅದು ಅಕೃತಾಭ್ಯಾಗಮ. ಯಾವ ಸಿದ್ಧಾಂತವನ್ನು ಒಪ್ಪಿದರೆ ಈ ಎರಡು ದೋಷಗಳು ಬರುವುವೋ ಆ ಸಿದ್ಧಾಂತವು ತ್ಯಾಜ್ಯ. ಆತ್ಮವು ಕ್ಷಣಿಕವೆಂದ ಬೌದ್ಧರನ್ನು ವೈದಿಕರು ತಡೆದು ನಿಲ್ಲಿಸಿದುದು ಈ ಆಯುಧದಿಂದಲೇ. ಬೌದ್ಧರು ಒಂದು ಕ್ಷಣದಿಂದ ಇನ್ನೊಂದು ಕ್ಷಣಕ್ಕೆ ಹರಿಯುವ ಸಂತಾನವನ್ನು ತೋರಿಸಿ, ನೆಟ್ಟ ಮಾವು ಬೇರೆ ಕದ್ದ ಮಾವು ಬೇರೆ ಎಂದು ವಾದಿಸಿದ ಕಳ್ಳನಿಗೂ ಶಿಕ್ಷೆ ತಪ್ಪದೆಂದು ಮಿಲಿಂದನ ಕಥೆಯಲ್ಲಿ ನಾಗಸೇನನ ಬಾಯಿಂದ ಉತ್ತರಕೊಡಿಸಿದರು. ಸಾಂಖ್ಯರು ಪುರುಷನನ್ನು ಭೋಕ್ತೃವೆಂದು ಒಪ್ಪಿ, ಕೆಲಸವನ್ನೆಲ್ಲ ಪ್ರಕೃತಿಯ ತಲೆಗೆ ಕಟ್ಟಿದಾಗ, ಒಬ್ಬರು ಮಾಡಿದುದನ್ನು ಮತ್ತೊಬ್ಬರು ಉಣ್ಣುವುದೆಂಬ ನ್ಯಾಯ ಎಲ್ಲಿಯದು ಎಂದು ವೇದಾಂತಿಗಳು ಅವರನ್ನು ಕೇಳದೆ ಬಿಡಲಿಲ್ಲ. ಪರಮಾರ್ಥದಲ್ಲಿ ಆತ್ಮನಿಗೆ ಎರಡನ್ನೂ ಒಪ್ಪದ ಅದ್ವೈತಿಗಳೂ ವ್ಯವಹಾರದಲ್ಲಿ ಎರಡನ್ನೂ ಒಂದೇ ಜೀವಕ್ಕೆ ಸೇರಿಸಿದರು. ನಮ್ಮ ಕರಾವಳಿಯ ಮಧ್ವಾಚಾರ್ಯರು ಜೀವನ ಕರ್ತೃತ್ವವನ್ನು ಈಶ್ವರಾಧೀನವೆಂದರೇ ಹೊರತು ಸುಳ್ಳೆನ್ನಲಿಲ್ಲ. ಇಷ್ಟು ಪಂಥಗಳು, ಇಷ್ಟು ಜಗಳ. ಆದರೂ ಕರ್ತೃಭೋಕ್ತೃಗಳ ನಡುವಣ ಗಂಟನ್ನು ಬಿಚ್ಚಲು ಯಾರಿಗೂ ಮನಸ್ಸಿಲ್ಲ.

ಆ ಗಂಟನ್ನು ಯಂತ್ರಯುಗವು ವಾದವಿವಾದವಿಲ್ಲದೆಯೇ ಬಿಚ್ಚಿಬಿಟ್ಟಿತು. ಮಾಸ್ಕೋವಿನ ಸಮೀಪದ ಕಚೇರಿಯೊಂದರಲ್ಲಿ ನಕ್ಷೆಯ ಮೇಲೆ ಎಳೆದ ಗೆರೆಯೊಂದು ಕೆಲವು ವರ್ಷಗಳ ಮೇಲೆ ನೂರಾರು ಕಿಲೋಮೀಟರ್ ಎತ್ತರದಲ್ಲಿ ಬೇರೊಬ್ಬನ ಉಸಿರಾಗುತ್ತದೆ, ಅಥವಾ ಉಸಿರು ನಿಲ್ಲುವುದಕ್ಕೆ ಕಾರಣವಾಗುತ್ತದೆ. ದರ್ಶನಕಾರರು ಅಸಂಭಾವ್ಯವೆಂದು ತಳ್ಳಿಹಾಕಿದ ಅಕೃತಾಭ್ಯಾಗಮವು ವಿಮಾನ, ರೈಲು, ಅಣೆಕಟ್ಟುಗಳ ಲೋಕದಲ್ಲಿ ದಿನನಿತ್ಯದ ವಿದ್ಯಮಾನ. ಆ ಭೋಕ್ತೃವಿನ ಹಿಂದಿನ ಜನ್ಮದ ಕರ್ಮವೇ ಈ ಗೆರೆಯ ರೂಪದಲ್ಲಿ ಬಂದಿತೆಂದು ಹೇಳಿ ಶಾಸ್ತ್ರವನ್ನು ಉಳಿಸಿಕೊಳ್ಳಬಹುದು, ನಿಜ. ಆದರೆ ತಪ್ಪು ಗೆರೆ ಎಳೆದವನ ಬಾಯಲ್ಲಿ ಆ ಮಾತು ಎಷ್ಟು ಅಸಹ್ಯವಾಗುತ್ತದೆ ಎಂಬುದನ್ನು ಹೇಳಬೇಕಾದುದಿಲ್ಲ.

ಫೆಯೊಕ್ತಿಸ್ತೊವ್ ಈ ಬಿಚ್ಚಿದ ಗಂಟನ್ನು ಮತ್ತೆ ಕಟ್ಟಹೊರಟವನಂತೆ ಮೊದಲ ನೋಟಕ್ಕೆ ಕಾಣುತ್ತಾನೆ. ನೌಕೆಯನ್ನು ಬಲ್ಲ ಇಂಜಿನಿಯರು ತಾನೇ ಅದರಲ್ಲಿ ಹೋಗಬೇಕೆಂಬುದು ಆತನ ಬಹುದಿನದ ಹಟ. ಸಂದರ್ಭವೂ ಒದಗಿತು, ಆದರೆ ಒದಗಿದ ರೀತಿ ನೆಟ್ಟಗಿರಲಿಲ್ಲ. ಅಮೆರಿಕದವರು ಇಬ್ಬರು ಕೂರುವ ಜೆಮಿನಿ ನೌಕೆಯನ್ನು ಸಿದ್ಧಪಡಿಸುತ್ತಿರುವಾಗ, ಅವರಿಗಿಂತ ಮುಂಚೆ ಮೂವರನ್ನು ಕಳುಹಿಸಿ ಜಗತ್ತಿನ ಮುಂದೆ ಮೀಸೆ ತಿರುವಬೇಕೆಂಬ ಒತ್ತಾಯ ಕೊರೊಲ್ಯೋವ್‌ನ ಕಚೇರಿಯ ಮೇಲೆ ಬಿದ್ದಿತು. ಹೊಸ ನೌಕೆಗೆ ಹೊತ್ತಿಲ್ಲ. ಒಬ್ಬನಿಗಾಗಿ ಮಾಡಿದ ವೋಸ್ತೋಕ್ ಗೋಳದಲ್ಲಿಯೇ ಮೂವರನ್ನು ತುಂಬಬೇಕು. ಒಪ್ಪದಿದ್ದ ವಿನ್ಯಾಸಕಾರರಿಗೆ ಕೊರೊಲ್ಯೋವ್, ಮೂರು ಆಸನಗಳಲ್ಲಿ ಒಂದು ಇಂಜಿನಿಯರಿನದಾಗುವುದೆಂದು ಆಸೆತೋರಿಸಿದನಂತೆ. ವ್ಯೋಮದ ಉಡುಪುಗಳಿಗೆ ಜಾಗವಿರಲಿಲ್ಲವಾದುದರಿಂದ ಅವನ್ನು ಬಿಟ್ಟರು. ಹೊರಚಿಮ್ಮುವ ಆಸನಗಳಿಗೂ ಜಾಗವಿರಲಿಲ್ಲ, ಅವನ್ನೂ ಬಿಟ್ಟರು. ಏರುವಾಗ ರಾಕೆಟ್ಟು ಕೆಟ್ಟಲ್ಲಿ ಮೊದಲ ಘಟ್ಟದಲ್ಲಿ ತಪ್ಪಿಸಿಕೊಳ್ಳುವ ದಾರಿಯೇ ಇಲ್ಲ. ಗೋಡೆಯಲ್ಲೊಂದು ಬಿರುಕುಬಿಟ್ಟರೆ ಮೈಮೇಲೆ ಬರಿಯ ಉಣ್ಣೆಯ ಬಟ್ಟೆ. ಜನರಿಲ್ಲದ ನೌಕೆಯೊಂದನ್ನು 1964ರ ಅಕ್ಟೋಬರ್ 6ರಂದು ಒಂದು ಸಲ ಹಾರಿಸಿ ನೋಡಿ, ಅದೇ ತಿಂಗಳು 12ರಂದು ವ್ಲಾದಿಮಿರ್ ಕೊಮಾರೊವ್, ವೈದ್ಯ ಬೊರೀಸ್ ಯೆಗೋರೊವ್, ಫೆಯೊಕ್ತಿಸ್ತೊವ್ ಈ ಮೂವರನ್ನು ವೋಸ್ಖೋದ್ ಎಂಬ ಹೆಸರಿನ ಆ ಗೋಳದಲ್ಲಿ ಕೂರಿಸಿ ಕಳುಹಿಸಿದರು. ಫೆಯೊಕ್ತಿಸ್ತೊವ್‌ನ ದೇಹಸ್ಥಿತಿ ಸಾಲದೆಂದು ವಾಯುಸೇನೆಯ ಕಮಾನಿನ್ ಅಡ್ಡಗಾಲು ಹಾಕಿದ್ದನು, ಕೊರೊಲ್ಯೋವ್ ಬಿಡಲಿಲ್ಲ. ಒಂದು ದಿನಕ್ಕೆ ತುಸು ಮೇಲ್ಪಟ್ಟು ಹದಿನಾರು ಸುತ್ತು ಬಂದು ಮೂವರೂ ಸುಖವಾಗಿ ಇಳಿದರು. ಅವರು ಏರಿದಾಗ ದೇಶದ ಒಡೆಯನಾಗಿದ್ದವನು ಕ್ರುಶ್ಚೇವ್; ಮಾಸ್ಕೋವಿನಲ್ಲಿ ಅವರಿಗೆ ಸನ್ಮಾನವಾಗುವ ಹೊತ್ತಿಗೆ ಆ ಪೀಠದಲ್ಲಿ ಬ್ರೆಜ್ನೇವ್ ಕುಳಿತಿದ್ದನು. ಅಧಿಕಾರದ ಮೆಚ್ಚುಗೆಗಾಗಿ ಪ್ರಾಣಗಳನ್ನು ಪಣವಿಡುವವರು ಇದನ್ನೊಂದು ಸಲ ನೆನೆಯುವುದು ಲೇಸು.

ಇಲ್ಲಿ ನಮ್ಮ ಮೆಚ್ಚುಗೆಗೆ ಒಂದು ತಡೆ ಬರುತ್ತದೆ. ತನ್ನ ಕೃತಿಯ ಅಪಾಯವನ್ನು ತಾನೇ ಎದುರಿಸಲು ಸಿದ್ಧನಾದವನು ಶ್ಲಾಘ್ಯನೆಂಬುದರಲ್ಲಿ ಸಂದೇಹವಿಲ್ಲ. ಅಪಾಯವೆಷ್ಟೆಂದು ಅರಿಯದೆ ಹೋಗುವವನ ಧೈರ್ಯಕ್ಕಿಂತ, ಪ್ರತಿಯೊಂದು ತಿರುಪಿನ ದೌರ್ಬಲ್ಯವನ್ನೂ ಬಲ್ಲವನ ಧೈರ್ಯ ದೊಡ್ಡದೇ ಸರಿ. ಆದರೆ ಆ ಗೋಳದಲ್ಲಿ ಆತನ ಪಕ್ಕದಲ್ಲಿ ಇನ್ನಿಬ್ಬರಿದ್ದರು. ತನ್ನ ಪ್ರಾಣವನ್ನು ಒಡ್ಡಿದ ಮಾತ್ರಕ್ಕೆ ಬೇರೆ ಇಬ್ಬರ ಪ್ರಾಣವನ್ನು ಒಡ್ಡುವ ಅಧಿಕಾರ ಅವನಿಗೆ ಬಂದಿತೇ? ಅವರೂ ಒಪ್ಪಿಯೇ ಬಂದವರಲ್ಲವೇ ಎಂದರೆ, ಇಂಜಿನಿಯರೇ ಒಳಗೆ ಕುಳಿತಿದ್ದಾನೆಂಬ ಭರವಸೆಯು ಆ ಒಪ್ಪಿಗೆಗೆ ಒತ್ತಾಸೆಯಾಗಿರಲಿಲ್ಲವೇ? ಇನ್ನೂ ಸೂಕ್ಷ್ಮವಾದುದೊಂದುಂಟು. ಹೋಗಬೇಕೆಂಬ ಆಸೆ ಬಲವಾಗಿದ್ದವನಿಗೆ ಉಡುಪಿಲ್ಲದೆ ಹೋಗಬಹುದೆಂಬ ಲೆಕ್ಕವು ಎಷ್ಟು ಸುಲಭವಾಗಿ ಒಪ್ಪಿತವಾಗುವುದು! ನೌಕೆಯ ಗೋಡೆ ಗಟ್ಟಿಯಾಗಿರಲು ಉಡುಪೇತಕ್ಕೆ ಎಂಬ ವಾದವು ಆತನದೇ. ವಾದದಲ್ಲಿ ತರ್ಕವೂ ಉಂಟು. ಆದರೆ ಭೋಕ್ತೃವಾಗುವ ಆಸೆಯು ಕರ್ತೃವಿನ ವಿವೇಕವನ್ನು ಮಸುಕುಮಾಡುವ ಸಂಭವವನ್ನು, ಫಲಾಪೇಕ್ಷೆಯನ್ನು ಬಿಟ್ಟು ಕರ್ಮಮಾಡೆಂದು ಬೋಧಿಸಿದ ಗೀತೆ ಚೆನ್ನಾಗಿ ಬಲ್ಲುದು. ಇಲ್ಲಿ ಫಲವೆಂದರೆ ಧನವಲ್ಲ, ಪದವಿಯಲ್ಲ, ಒಂದು ಆಸನ. ಫಲವು ಎಷ್ಟು ಉದಾತ್ತವಾಗಿದ್ದರೆ ಅದರ ಆಸೆಯು ಅಷ್ಟೇ ಸುಲಭವಾಗಿ ಧರ್ಮದ ವೇಷವನ್ನು ತೊಟ್ಟುಕೊಳ್ಳುತ್ತದೆ.

ಉಡುಪಿಲ್ಲದೆ ಹಾರುವುದು ವೋಸ್ಖೋದ್‌ನಿಂದ ಮೊದಲಾಗಿ ಮುಂದಿನ ಸೊಯೂಜ್ ನೌಕೆಗಳಲ್ಲಿ ರೂಢಿಯೇ ಆಯಿತು. 1966ರ ಜನವರಿಯಲ್ಲಿ ಕೊರೊಲ್ಯೋವ್ ತೀರಿಕೊಂಡನು. ಮರುವರ್ಷ ಏಪ್ರಿಲ್ 24ರಂದು ಮೊದಲ ಸೊಯೂಜ್‌ನಲ್ಲಿ ಒಬ್ಬನೇ ಹೋಗಿ ಹಿಂದಿರುಗುತ್ತಿದ್ದ ಕೊಮಾರೊವ್, ಪ್ಯಾರಾಷೂಟು ಬಿಚ್ಚಿಕೊಳ್ಳದೆ ನೆಲಕ್ಕಪ್ಪಳಿಸಿ ಸತ್ತನು. ಅದಕ್ಕೆ ಮೊದಲು ಜನರಿಲ್ಲದೆ ಪರೀಕ್ಷಿಸಿದ ಸೊಯೂಜ್‌ಗಳಲ್ಲಿ ಒಂದಾದರೂ ಪೂರ್ಣ ಸಫಲವಾಗಿರಲಿಲ್ಲ. ಉಡುಪಿದ್ದಿದ್ದರೂ ಆತನು ಉಳಿಯುತ್ತಿರಲಿಲ್ಲವೆಂಬುದನ್ನು ಹೇಳಿಬಿಡಬೇಕು. 1971ರ ಜೂನ್ 30ರ ಮಾತು ಹಾಗಲ್ಲ. ಸಾಲ್ಯುತ್ ನಿಲ್ದಾಣದಲ್ಲಿ ಮೂರು ವಾರಗಳಿಗೂ ಮಿಕ್ಕಿ ಇದ್ದು ಹಿಂದಿರುಗುತ್ತಿದ್ದ ಸೊಯೂಜ್ 11ರಲ್ಲಿ, ನೆಲದ ಸಮೀಪದಲ್ಲಿ ತೆರೆಯಬೇಕಾಗಿದ್ದ ಚಿಕ್ಕ ಕವಾಟವೊಂದು, ನೌಕೆಯ ಭಾಗಗಳು ಬೇರೆಯಾಗುವ ಆಘಾತಕ್ಕೆ ಸುಮಾರು 168 ಕಿಲೋಮೀಟರ್ ಎತ್ತರದಲ್ಲಿಯೇ ತೆರೆದುಕೊಂಡಿತು. ಒಳಗಣ ಗಾಳಿಯೆಲ್ಲ ಹೊರಟುಹೋಯಿತು. ನೌಕೆ ತಾನಾಗಿ ಸರಿಯಾಗಿಯೇ ಬಂದಿಳಿಯಿತು. ಬಾಗಿಲು ತೆರೆದವರಿಗೆ ಕಂಡುದು ದೊಬ್ರೊವೊಲ್ಸ್ಕಿ, ವೋಲ್ಕೊವ್, ಪಾತ್ಸಾಯೆವ್ ಮೂವರ ಶವಗಳು. ಈ ಮೂವರಲ್ಲಿ ವೋಲ್ಕೊವ್, ಪಾತ್ಸಾಯೆವ್ ಇಬ್ಬರೂ ಅದೇ ಕೊರೊಲ್ಯೋವ್ ಕಚೇರಿಯಲ್ಲಿ ಕೆಲಸಮಾಡಿದ ಇಂಜಿನಿಯರುಗಳು; ಫೆಯೊಕ್ತಿಸ್ತೊವ್ ಮೊದಲು ತುಳಿದ ಹಾದಿಯಲ್ಲಿ ಅವನ ಹಿಂದೆ ನಡೆದವರು.

ಕರ್ತೃಭೋಕ್ತೃಗಳು ಒಂದೇ ಕಚೇರಿಯವರಾದರೆಂದು ಇಲ್ಲಿ ನ್ಯಾಯ ದೊರೆಯಿತೆನ್ನಬಹುದೇ? ಆ ಕವಾಟವನ್ನು ಮಾಡಿದ ಕೈ ಪಾತ್ಸಾಯೆವ್‌ನದಲ್ಲ. ಸಾವಿರಾರು ಕೈಗಳು ಸೇರಿ ಮಾಡಿದ ಕೆಲಸದಲ್ಲಿ ಕರ್ತೃವೆಂಬ ಒಬ್ಬನನ್ನು ಹುಡುಕುವುದೇ ಕಷ್ಟ. ಹುಡುಕಿದರೂ ಅವನು ತನ್ನ ಪಾಲಿನ ಕೆಲಸವನ್ನು ಚೆನ್ನಾಗಿಯೇ ಮಾಡಿದ್ದೇನೆಂದು ಕಾಗದಪತ್ರ ತೋರಿಸುತ್ತಾನೆ. ಈ ತೊಡಕಿನಲ್ಲಿ ನನಗೆ ವೇದಾಂತಕ್ಕಿಂತ ಪತಂಜಲಿಯ ಯೋಗಸೂತ್ರದ ಒಂದು ವಿಭಾಗವು, ನಮ್ಮ ಜೈನರು ಆಚರಣೆಯಲ್ಲಿ ಇನ್ನೂ ಬಿಗಿಯಾಗಿ ಹಿಡಿದುಕೊಂಡಿರುವ ಅದೇ ವಿಭಾಗವು, ಹೆಚ್ಚು ನೆರವಾಗುತ್ತದೆ: ಹಿಂಸೆಯು ತಾನು ಮಾಡಿದುದಾಗಬಹುದು, ಮಾಡಿಸಿದುದಾಗಬಹುದು, ಬರಿಯ ಅನುಮೋದಿಸಿದುದೂ ಆಗಬಹುದು, ಮೂರೂ ಹಿಂಸೆಯೇ. ನಕ್ಷೆ ಬರೆದವನು ಮಾಡಿದವನು, ಆತುರಪಡಿಸಿದವನು ಮಾಡಿಸಿದವನು, ಸಹಿಹಾಕಿದ ಸಮಿತಿಯವರೂ ಬೀದಿಯಲ್ಲಿ ನಿಂತು ಚಪ್ಪಾಳೆ ತಟ್ಟಿದ ಜನರೂ ಅನುಮೋದಿಸಿದವರು. ಆಧುನಿಕ ವಿಚಾರಣಾ ಮಂಡಲಿಗಳು ನೂರಾರು ಪುಟಗಳಲ್ಲಿ ಬರೆಯುವುದನ್ನು ಈ ಮೂರು ಮಾತುಗಳು ಹಿಡಿದಿಟ್ಟಿವೆ. ಜವಾಬ್ದಾರಿಯು ಹಂಚಿಹೋದಷ್ಟೂ ಹಗುರಾಗುತ್ತದೆಂಬ ನಮ್ಮ ಕಾಲದ ಭ್ರಮೆಗೆ ಅವುಗಳಲ್ಲಿ ಎಡೆಯಿಲ್ಲ.

ಅಮೆರಿಕದ ಕಥೆಯೂ ಬೇರೆಯಲ್ಲ. 1986ರ ಜನವರಿ 28ರಂದು ಚಾಲೆಂಜರ್ ನೌಕೆಯೊಡನೆ ಮಡಿದ ಏಳು ಮಂದಿಯಲ್ಲಿ ವಿದ್ಯುತ್ ಇಂಜಿನಿಯರಾದ ಜೂಡಿತ್ ರೆಸ್ನಿಕ್, ಹವಾಯಿ ದ್ವೀಪದಿಂದ ಬಂದ ಬೌದ್ಧನೂ ವಿಮಾನಶಾಸ್ತ್ರದ ಇಂಜಿನಿಯರನೂ ಆದ ಎಲಿಸನ್ ಒನಿಜುಕ ಇದ್ದರು. 2003ರ ಫೆಬ್ರವರಿ 1ರಂದು ಕೊಲಂಬಿಯದೊಡನೆ ಮಡಿದ ನಮ್ಮ ಕರ್ನಾಲಿನ ಕಲ್ಪನಾ ಚಾವ್ಲಾ, ವಿಮಾನದ ಸುತ್ತ ಗಾಳಿಯ ಹರಿವನ್ನು ಲೆಕ್ಕಹಾಕುವುದರಲ್ಲಿಯೇ ಡಾಕ್ಟರೇಟ್ ಪಡೆದವಳು. ಇವರ ವಿದ್ಯೆಯಲ್ಲಿ ಕೊರತೆಯಿರಲಿಲ್ಲ. ಆದರೆ ಚಾಲೆಂಜರ್‌ನ ರಾಕೆಟ್ಟಿನಲ್ಲಿ ಚಳಿಗೆ ಪೆಡಸಾದ ರಬ್ಬರಿನ ಬಳೆಯ ವಿಚಾರವಾಗಲಿ, ಉಡಾವಣೆಯಾದ 82 ಸೆಕೆಂಡುಗಳಲ್ಲಿ ಕೊಲಂಬಿಯದ ರೆಕ್ಕೆಗೆ ಬಡಿದ ನೊರೆಯ ತುಂಡು ಮಾಡಿದ ಗಾಯದ ನಿಜಸ್ಥಿತಿಯಾಗಲಿ ಅವರಿಗೆ ತಿಳಿದಿರಲಿಲ್ಲ. ಬಳೆಯ ವಿಚಾರ ತಿಳಿದವನೊಬ್ಬನು ನೆಲದ ಮೇಲಿದ್ದನು. ರಾಕೆಟ್ಟುಗಳನ್ನು ಮಾಡಿದ ಕಂಪನಿಯ ಇಂಜಿನಿಯರು ರಾಜರ್ ಬೊಯ್ಜೋಲಿ, ಇಂತಹ ಚಳಿಯಲ್ಲಿ ಉಡಾಯಿಸಬಾರದೆಂದು ಹಿಂದಿನ ರಾತ್ರಿ ತನ್ನ ಜೊತೆಯವರೊಡನೆ ಸೇರಿ ವಾದಿಸಿದನು, ಮಾತು ನಡೆಯಲಿಲ್ಲ. ಆತನು ಎಂದೂ ವ್ಯೋಮಕ್ಕೆ ಹೋದವನಲ್ಲ. ಆದರೂ, ಅನರ್ಥವಾಗುವುದಕ್ಕೆ ಮುನ್ನವೇ ಅದನ್ನು ಮನಸ್ಸಿನಲ್ಲಿ ಅನುಭವಿಸಿ, ಅನಂತರ ಬಹುಕಾಲ ಆ ವ್ಯಥೆಯಿಂದ ಜರ್ಜರಿತನಾದ ಅವನನ್ನು ಭೋಕ್ತೃವಲ್ಲವೆಂದು ಹೇಳಲು ನಾನು ಸಿದ್ಧನಿಲ್ಲ. ಒಳಗೆ ಕುಳಿತುದರಿಂದಲ್ಲ, ಒಳಗೆ ಕುಳಿತವರನ್ನು ಮರೆಯದೆ ಇದ್ದುದರಿಂದ ಆತನಲ್ಲಿ ಆ ಗಂಟು ಬಿಚ್ಚದೆ ಉಳಿಯಿತು.

ಮಾಡಿದವನೇ ಉಣ್ಣಬೇಕೆಂಬ ನಿಯಮವನ್ನು ಅಕ್ಷರಶಃ ಹಿಡಿದರೆ ಲೋಕದ ಒಳ್ಳೆಯ ಕೆಲಸಗಳಲ್ಲಿ ಬಹುಪಾಲು ನಿಂತೇಹೋಗುವುವೆಂಬುದನ್ನು ಶರಣರು ಕಂಡಿದ್ದರು. ಕಾಯಕದಿಂದ ಬಂದುದು ದಾಸೋಹಕ್ಕೆ ಸಲ್ಲಬೇಕೆಂದಾಗ ಅವರು ಕರ್ತೃಭೋಕ್ತೃಗಳನ್ನು ಬೇಕೆಂದೇ ಬೇರೆಮಾಡಿದರು; ಬೇರೆಮಾಡಿ, ಉಣ್ಣುವ ಜಂಗಮನನ್ನು ಮಾಡುವವನಿಗಿಂತ ಮೇಲಿರಿಸಿದರು. ನಮ್ಮ ದೇವಾಲಯಗಳಲ್ಲಿ ನೈವೇದ್ಯದ ಅಡುಗೆ ಮಾಡುವವರು ಅದನ್ನು ರುಚಿ ನೋಡುವಂತಿಲ್ಲ. ನಾಲಗೆಯ ಸಾಕ್ಷ್ಯವಿಲ್ಲದೆ, ಕಣ್ಣು, ಮೂಗು, ಕೈಯಳತೆಗಳನ್ನೇ ನಂಬಿ ಉಪ್ಪುಹುಳಿಗಳನ್ನು ಹದವಾಗಿ ಇಡಬೇಕು. ಅಲ್ಲಿಯ ಬಾಣಸಿಗನಿಗೆ ಉಣ್ಣುವವನು ತಾನಲ್ಲವೆಂಬುದೇ ಎಚ್ಚರಕ್ಕೆ ಕಾರಣ, ಅಲಕ್ಷ್ಯಕ್ಕಲ್ಲ. ವೋಸ್ತೋಕ್‌ನ ಫೆಯೊಕ್ತಿಸ್ತೊವ್‌ನಲ್ಲಿ ನಾನು ಕಾಣುವುದು ಈ ಎಚ್ಚರವನ್ನು. ಅದರಲ್ಲಿ ತಾನು ಕುಳಿತುಕೊಳ್ಳುವ ಮಾತು ಇನ್ನೂ ಗೊತ್ತಾಗದಿದ್ದಾಗ, ಯಾವನೋ ಒಬ್ಬ ಅಪರಿಚಿತನಿಗಾಗಿ, ಎಂಜಿನ್ ಕೆಟ್ಟರೂ ಗಾಳಿಯೇ ಅವನನ್ನು ಮನೆಗೆ ತರಲೆಂದು ಲೆಕ್ಕಹಾಕಿ ಹತ್ತು ದಿನದ ಅನ್ನವಿಟ್ಟವನು ಅವನು. ತಾನೇ ಕುಳಿತ ವೋಸ್ಖೋದ್ ಅದಕ್ಕಿಂತ ಕೀಳಾದ ಕೃತಿ. ಚರಿತ್ರೆ ಆತನನ್ನು ನೆನೆಯುವುದು ಎರಡನೆಯದಕ್ಕಾಗಿ. ನಾನು ನಮಸ್ಕರಿಸುವುದು ಮೊದಲನೆಯದಕ್ಕೆ.

ಸೊಯೂಜ್ 11ರ ತರುವಾಯ ನೌಕೆಯನ್ನು ಎರಡು ವರ್ಷಗಳಿಗೂ ಹೆಚ್ಚುಕಾಲ ನಿಲ್ಲಿಸಿ ತಿದ್ದಿದರು. 1973ರ ಸೆಪ್ಟೆಂಬರಿನಲ್ಲಿ ಮತ್ತೆ ಹಾರಿದಾಗ ಒಳಗಿದ್ದವರು ಇಬ್ಬರೇ, ಮೈಮೇಲೆ ಒತ್ತಡದ ಉಡುಪು. ಮೂರನೆಯ ಆಸನದ ಜಾಗವನ್ನು ಆ ಉಡುಪುಗಳಿಗೆ ಉಸಿರೊದಗಿಸುವ ಸಲಕರಣೆಗಳಿಗೆ ಬಿಟ್ಟುಕೊಟ್ಟಿದ್ದರು. ಧರ್ಮಶಾಸ್ತ್ರದ ಪ್ರಾಯಶ್ಚಿತ್ತಗಳಲ್ಲಿ ಪಶ್ಚಾತ್ತಾಪವೂ ತ್ಯಾಗವೂ ಇರಬೇಕೆನ್ನುವರು. ಪಶ್ಚಾತ್ತಾಪದ ಲೆಕ್ಕವನ್ನು ಹೊರಗಿನವರು ಹೇಳಲಾಗದು. ತ್ಯಾಗವಂತೂ ಇತ್ತು, ಏಕೆಂದರೆ ಹಾಗೆ ಹೋದ ಆಸನದೊಡನೆ ಇಂಜಿನಿಯರುಗಳು ವ್ಯೋಮಕ್ಕೆ ಹೋಗುವ ಅವಕಾಶವೂ ಅಷ್ಟರಮಟ್ಟಿಗೆ ಕಡಿಮೆಯಾಯಿತು. ಮೂವರು ಉಡುಪುಸಹಿತ ಕೂರಬಹುದಾದ ಹೊಸ ಸೊಯೂಜ್ ಸಿದ್ಧವಾದುದು 1980ರಲ್ಲಿ. ಐವತ್ತನಾಲ್ಕರ ಫೆಯೊಕ್ತಿಸ್ತೊವ್ ಅದರಲ್ಲಿ ಮತ್ತೊಮ್ಮೆ ಹೋಗಲು ತರಬೇತಿ ಪಡೆದು ನಿಂತಿದ್ದನು. ವೈದ್ಯರು ಕೊನೆಯ ಗಳಿಗೆಯಲ್ಲಿ ತಡೆದುದರಿಂದ ಆತನ ಬದಲು ಬೇರೊಬ್ಬ ಇಂಜಿನಿಯರು ಹೋಗಿಬಂದನು. ಆಮೇಲೆ ಹತ್ತು ವರ್ಷ ಕಚೇರಿಯ ಕೆಲಸವನ್ನೇ ಮಾಡಿ, 1990ರಲ್ಲಿ ಅದನ್ನು ಬಿಟ್ಟು, ತಾನು ಓದಿದ ಬೌಮನ್ ವಿದ್ಯಾಲಯದಲ್ಲಿಯೇ ಹುಡುಗರಿಗೆ ಪಾಠಹೇಳತೊಡಗಿದನು.